ನಿಮ್ಮ ಪುಸ್ತಕದ ಬೆಳುದಿಂಗಳು

ಬೀದಿದೀಪಗಳ ಹೊಣೆ ಹೊತ್ತ ಮಾನ್ಯರೇ,

ಕಳೆದ ಭಾದ್ರಪದ ಶುದ್ಧ ದ್ವಾದಶಿಯ ಸಂಜೆ ಮಂಡ್ಯದ ಹೊಸ ಬಡಾವಣೆಯಲ್ಲಿ ಒಂದು ದೀಪವೂ ಉರಿಯಲಿಲ್ಲ. ತಂತಿ ಹರಿದಿರಲಿಲ್ಲ, ಕರೆಂಟು ನಿಂತಿರಲಿಲ್ಲ. ಶುದ್ಧ ಅಷ್ಟಮಿಯಿಂದ ಹುಣ್ಣಿಮೆಯವರೆಗೆ ಚಂದ್ರನ ಬೆಳಕು ಇರುವುದರಿಂದ ದೀಪ ಹಾಕತಕ್ಕದ್ದಲ್ಲ ಎಂದು ತಾವು ಅಪ್ಪಣೆ ಮಾಡಿದ್ದೀರಿ. ಯುದ್ಧಕಾಲದ ಮಿತವ್ಯಯವಂತೆ. ಆ ಸಂಜೆ ಚಂದ್ರನೂ ಮಿತವ್ಯಯ ಮಾಡಿದ. ಮೂರು ದಿನದಿಂದ ಮೋಡ ಕವಿದುಕೊಂಡಿತ್ತು. ತಮ್ಮ ಕಚೇರಿಯಲ್ಲಿ ಪಂಚಾಂಗವಿದೆ ಎಂದು ತಿಳಿಯಿತು. ಕಿಟಕಿ ಇಲ್ಲವೇ?

ನನ್ನ ಅಣ್ಣ ದೊಡ್ಡಬೀರಯ್ಯ ಕೊತ್ತತ್ತಿಯ ಬೇಸಾಯಗಾರ. ಎದೆಯ ಕಾಯಿಲೆಗೆ ಆಸ್ಪತ್ರೆ ಹತ್ತಿರವಾಗಲೆಂದು ಬಡಾವಣೆಯಲ್ಲಿ ದೇವಿರಮ್ಮ ಎಂಬುವರ ಮನೆಯ ಹಿಂದಿನ ಕೋಣೆ ಹಿಡಿದು ಮಲಗಿಸಿದ್ದೆ. ಆ ದಿನ ಬೆಳಿಗ್ಗೆ ಡಾಕ್ಟರು, "ಮನೆಯವರನ್ನು ಕರೆಸಿಬಿಡಿ" ಎಂದರು. ಊರಿಗೆ ಹೊರಟಿದ್ದ ಗಾಡಿಯವನ ಕೈಲಿ ಅತ್ತಿಗೆ ಚಿಕ್ಕನಂಜಮ್ಮನವರಿಗೆ ಹೇಳಿಕಳಿಸಿದೆ: ಸಂಜೆಯ ಬಸ್ಸಿಗೆ ಬನ್ನಿ, ನಾನು ಕಾದಿರುತ್ತೇನೆ, ಅಕಸ್ಮಾತ್ ನಾನು ಕಾಣದಿದ್ದರೆ ಬಸ್ಸು ನಿಲ್ಲುವ ಕಡೆಯಿಂದ ನೆಟ್ಟಗೆ ನಡೆದು ಐದು ದೀಪ ಎಣಿಸಿ, ಎಡಕ್ಕೆ ತಿರುಗಿ, ಅಲ್ಲಿ ಮೂರನೆಯ ದೀಪದ ಎದುರು ಬಾಗಿಲು. ಆಕೆಗೆ ಓದು ಬರದು. ತಾವು ಮನೆಮನೆಗೆ ಬರೆಸಿರುವ ನಂಬರು ಆಕೆಯ ಪಾಲಿಗೆ ಗೋಡೆಯ ಮೇಲಿನ ಕಲೆ. ದೀಪ ಎಣಿಸಲು ಬರುತ್ತದೆ. ನಮ್ಮ ಕಡೆಯವರೆಲ್ಲ ಈ ಪೇಟೆಯಲ್ಲಿ ದಾರಿ ಹಿಡಿಯುವುದು ಹಾಗೆಯೇ.

ಐದಕ್ಕೆ ಬರಬೇಕಾದ, ಪೆಟ್ರೋಲಿನ ಬದಲು ಇದ್ದಲಿನಿಂದ ಓಡುವ ಬಸ್ಸು ಆರಾದರೂ ಬರಲಿಲ್ಲ. "ಇವತ್ತು ಬರಾಕಿಲ್ಲ ಬುಡಿ, ಇದ್ದಲು ನೆಂದೋಗದೆ" ಎಂದ ಅಲ್ಲಿದ್ದ ಕೂಲಿ. ನಾನು ನಂಬಿದೆ. ನಂಬಲು ಕಾರಣವೂ ಇತ್ತು, ಆರೂವರೆಗೆ ಒಂದು ಸಭೆಯಲ್ಲಿ ನನ್ನ ಭಾಷಣವಿತ್ತು. ಜನರಿಗೆ ಜವಾಬು ಕೊಡುವ ಸರ್ಕಾರ ಬೇಕೆಂದು ನಾನು ಮುಕ್ಕಾಲು ಗಂಟೆ ಮಾತನಾಡಿದೆ. ಇದನ್ನು ಮುಚ್ಚಿಟ್ಟು ತಮ್ಮೊಬ್ಬರನ್ನೇ ಬೈಯಬಹುದಿತ್ತು. ಈಗ ಅಷ್ಟು ಕಷ್ಟಪಡುವ ಮನಸ್ಸಿಲ್ಲ.

ಬಸ್ಸು ಏಳಕ್ಕೆ ಬಂತು. ಅತ್ತಿಗೆ ಇಳಿದು ನೋಡಿದರೆ ಎಣಿಸಲು ದೀಪವೇ ಇಲ್ಲ. ದೀಪವಿಲ್ಲದಿದ್ದರೇನು, ಕಂಬ ಇರಬೇಕಲ್ಲ ಎಂದು ರಸ್ತೆಯ ಅಂಚು ಹಿಡಿದು, ಒಂದೊಂದು ಕಂಬವನ್ನೂ ಮುಟ್ಟಿ ಮುಟ್ಟಿ ಎಣಿಸುತ್ತ ನಡೆದರು. ಆ ಸಾಲಿನಲ್ಲಿ ಟೆಲಿಗ್ರಾಫ್ ಕಂಬಗಳೂ ಇವೆ. ಕೈಗೆ ಎಲ್ಲ ಕಂಬವೂ ಒಂದೇ. ನಾಲ್ಕನೆಯದನ್ನು ಹಿಡಿದು ನಿಂತಾಗ ಮೋರಿಕಟ್ಟೆಯ ಮೇಲಿನ ಕತ್ತಲಿನಿಂದ ಒಂದು ದನಿ ಬಂತು: "ಯಾಕಮ್ಮೀ, ಕಂಬ ತಬ್ಕಂಡ್ ನಿಂತಿದ್ದೀಯೆ? ಅದುಕ್ಕೇನ್ ಜೀವ ಅದದಾ? ಇತ್ಲಾಗ್ ಬಾ." ಇನ್ನಿಬ್ಬರು ನಕ್ಕರು. ಒಬ್ಬ ಎದ್ದು ಹಿಂದೆ ಬಂದ. ಐವತ್ತು ದಾಟಿದ ಹೆಂಗಸು ಸೆರಗು ಬಿಗಿದು ಓಡಿದರು. ಐದನೆಯದು ಯಾವುದು, ಎಡ ಯಾವುದು, ಲೆಕ್ಕ ಅಲ್ಲಿಗೆ ತಪ್ಪಿತು.

ಹಿಂದೆ ಬಂದವನು ಅಷ್ಟು ದೂರ ಬಂದು ನಿಂತ. ತಾವು ಅದನ್ನು ಅದೃಷ್ಟವೆನ್ನಬಹುದು. ಆದರೆ ಮಾನ್ಯರೇ, ಅವನು ಆ ಕಟ್ಟೆಯ ಮೇಲೆ ಕೂತ ಧೈರ್ಯ ಯಾರದು? ದೀಪದ ಕೆಳಗೆ ಅವನಿಗೊಂದು ಮುಖವಿರುತ್ತಿತ್ತು, ಮುಖಕ್ಕೆ ಒಬ್ಬ ಅಪ್ಪನಿರುತ್ತಿದ್ದ, ಊರಿರುತ್ತಿತ್ತು.

ಮೊದಲು ತಟ್ಟಿದ ಬಾಗಿಲಿನವರು ಒಳಗಿನಿಂದಲೇ, "ಯಾರ ಮನೆ ಬೇಕು?" ಎಂದರು. "ನಮ್ಮನೆಯವ್ರು ಮಲಗವ್ರೆ" ಎಂದರು ಅತ್ತಿಗೆ. "ಹೆಸರೇನು?" ಆಕೆ ಮೂವತ್ತೆಂಟು ವರ್ಷ ಬಾಳಿದ ಗಂಡನ ಹೆಸರನ್ನು ಒಂದು ದಿನವೂ ನಾಲಿಗೆಯ ಮೇಲೆ ತಂದವರಲ್ಲ. ಅದೂ ಗಂಡ ಹಾಸಿಗೆ ಹಿಡಿದಿರುವಾಗ ಹೇಳಿದರೆ ಆಯುಸ್ಸು ಇಳಿದೀತೆಂಬ ಹೆದರಿಕೆ. ಚಿಲಕ ತೆಗೆಯಲಿಲ್ಲ. ಎರಡನೆಯ ಮನೆಯಲ್ಲೂ ಅಷ್ಟೇ. ಹೊತ್ತು ಮುಳುಗಿದ ಮೇಲೆ ಹೆಸರು ಹೇಳದ ಹೆಂಗಸಿಗೆ ಯಾರು ತಾನೆ ಬಾಗಿಲು ತೆಗೆದಾರು? ನಾನಾದರೂ ತೆಗೆಯುತ್ತಿದ್ದೆನೋ ಇಲ್ಲವೋ.

ಮೂರನೆಯದು ಹೊಲಿಗೆ ಕೆಲಸದ ಮಹಬೂಬ್ ಬೀ ಅವರ ಮನೆ. ಬಾಗಿಲು ತೆಗೆದ ಆ ತಾಯಿಗೆ ನೋಡಿದೊಡನೆ ಅರ್ಥವಾಯಿತು.

"ಗಂಡನ ಹೆಸ್ರಾ? ನಾನೂ ನಮ್ಮೋರ ಹೆಸ್ರು ಏಳಾಕಿಲ್ಲ ಕಣಮ್ಮ. ನಾನು ಏಳ್ತಾ ಓಯ್ತೀನಿ, ನೀನು ತಲೆ ಆಡ್ಸು. ಸಿದ್ದಯ್ಯನಾ?"

ಇಲ್ಲ.

"ಬೋರಯ್ಯನಾ? ಬೀರಯ್ಯನಾ?"

ಹೌದು.

"ಚಿಕ್ಕೋನಾ, ದೊಡ್ಡೋನಾ?"

ಅತ್ತಿಗೆ ಕೈಯನ್ನು ತಲೆಯ ಮೇಲಕ್ಕೆ ಎತ್ತಿ ತೋರಿಸಿದರು.

"ಕೊತ್ತತ್ತಿಯವ್ರು, ಕೆಮ್ತಾರಲ್ಲ? ದೇವಿರಮ್ಮನ ಇಂದ್ಗಡೆ ಕೋಣೆ. ಅದು ಆಚೆ ಬೀದಿ ಕಣವ್ವ, ಬಾ."

ಬೆರಳುದ್ದ ಸೀಮೆಎಣ್ಣೆ ಉಳಿದಿದ್ದ ಲಾಟೀನು ಹಿಡಿದು ಆಕೆಯೇ ಕರೆತಂದರು. ಬಸ್ಸಿನಿಂದ ಹತ್ತು ನಿಮಿಷದ ದಾರಿ. ತಲುಪಿದಾಗ ಎಂಟೂಕಾಲು. ಅಣ್ಣ ಎಂಟಕ್ಕೆ ಮೊದಲೇ ಹೋಗಿದ್ದ. ಎರಡು ಸಲ, "ಬಸ್ ಬತ್ತಾ?" ಎಂದು ಕೇಳಿದನಂತೆ. ಪಕ್ಕದಲ್ಲಿದ್ದದ್ದು ದೇವಿರಮ್ಮ ಒಬ್ಬರೇ. ಸಭೆ ಮುಗಿಸಿ ನಾನು ಒಂಬತ್ತಕ್ಕೆ ಹೋದೆ. ಕೈಯಲ್ಲಿ ಅಲ್ಲಿ ಹಾಕಿದ್ದ ಹೂವಿನ ಹಾರವಿತ್ತು. ಎಲ್ಲಿ ಇಡಬೇಕೆಂದು ತಿಳಿಯದೆ ತುಂಬ ಹೊತ್ತು ಹಿಡಿದುಕೊಂಡೇ ನಿಂತಿದ್ದೆ.

ಹನ್ನೊಂದನೆಯ ದಿನ ಕಳೆದ ಮೇಲೆ ತಮ್ಮ ಕಚೇರಿಗೆ ಬಂದೆ. ಗುಮಾಸ್ತರು ಬಹಳ ಸಭ್ಯರು. ದೀಪದ ಪುಸ್ತಕ ತೆಗೆದು ತೋರಿಸಿದರು. ಆ ತಾರೀಖಿನ ಎದುರು "ಬೆಳುದಿಂಗಳು, ದೀಪ ಅನಗತ್ಯ" ಎಂದು ಬರೆದಿತ್ತು, ಕೆಳಗೆ ತಮ್ಮ ರುಜು. "ಹಳ್ಳಿಯವರು ಹೊತ್ತಿರುವಾಗಲೇ ಬಂದು ಹೋಗಬೇಕಪ್ಪ" ಎಂದು ಉಪದೇಶವನ್ನೂ ಕೊಟ್ಟರು. ಬಡಾವಣೆಯವನಿಗೆ ದೀಪ ಏಕೆ? ಅವನ ಕಾಲಿಗೇ ಮನೆ ಗೊತ್ತು. ದೀಪ ಇರುವುದು ಗೊತ್ತಿಲ್ಲದವರಿಗೆ. ಆಸ್ಪತ್ರೆಗೆ, ಕೋರ್ಟಿಗೆ, ರೈಲಿಗೆ ಬರುವವರು ತಮ್ಮ ಪಂಚಾಂಗ ನೋಡಿಕೊಂಡು ಕಾಯಿಲೆ ಬೀಳಬೇಕೇ? ಇಂಥ ಮಾತುಗಳನ್ನು ಮೊದಲಾದರೆ ಮೇಜು ಗುದ್ದಿ ಹೇಳುತ್ತಿದ್ದೆ. ಅವತ್ತು ಪುಸ್ತಕ ಮುಚ್ಚಿಕೊಟ್ಟು ಬಂದೆ.

ಬಂದು ಒಂದು ತಪ್ಪು ಮಾಡಿದೆ. ಪುಸ್ತಕದ ಸಂಗತಿಯನ್ನು ಅತ್ತಿಗೆಗೆ ಹೇಳಿದೆ. ಅಷ್ಟು ದಿನ ಆಕೆ, "ಕಂಬ ಎಣ್ಸದ್ರಲ್ಲಿ ನಾನೇ ತೆಪ್ದೆ ಕಣಪ್ಪ" ಎನ್ನುತ್ತಿದ್ದರು, ನಾನು ಸಮಾಧಾನ ಹೇಳುತ್ತಿದ್ದೆ. ಈಗ ಹೇಳಿದರು: "ಸರ್ಕಾರದೋರು ಸುಳ್ ಬರೆದಾರಾ? ಬೆಳ್ದಿಂಗ್ಳು ಇತ್ತೇನೊ. ನನ್ ಕಣ್ಗೇ ಕಾಣ್ನಿಲ್ವೇನೊ." ಆ ಮೇಲೆ ಆ ಮಾತು ಬಿಟ್ಟು ಬೇರೆ ಆಡಿಲ್ಲ. ನಾನು ಏನು ಹೇಳಿದರೂ, ಮೈದುನ ಮನಸ್ಸಿಗೆ ನೋವಾಗದಿರಲೆಂದು ಹೇಳುತ್ತಾನೆ ಎಂದುಕೊಳ್ಳುತ್ತಾರೆ.

ಹೊತ್ತು ಮುಳುಗಿದ ಕೂಡಲೆ, ಯಾವ ತಿಥಿಯಾದರೂ, ದೀಪ ಹಾಕಿಸಿ. ಮುಂದಿನ ಶುದ್ಧ ಅಷ್ಟಮಿಯಂದು ಉರಿಯದಿದ್ದರೆ ನಾವು ಕಂಬಕ್ಕೊಂದು ಲಾಟೀನು ಕಟ್ಟುತ್ತೇವೆ. ಅದು ಅಪರಾಧವಾದರೆ ಹಿಡಿಸಿ, ಜೈಲು ನನಗೆ ಹೊಸದಲ್ಲ. ಇದು ಊರಿನ ಬೇಡಿಕೆ.

ನನ್ನದು ಇನ್ನೊಂದಿದೆ. ಆ ಪುಸ್ತಕದಲ್ಲಿ ಆ ದಿನದ ಸಾಲು ಹೊಡೆದುಹಾಕಿ, "ಮೋಡ ಕವಿದಿತ್ತು, ಕತ್ತಲಿತ್ತು, ದೀಪ ಹಾಕಲಿಲ್ಲ" ಎಂದು ಬರೆದು ಕೆಳಗೆ ರುಜು ಮಾಡಿ. ಅದರ ನಕಲಿನ ಮೇಲೆ ಮೊಹರು ಒತ್ತಿ ಕೊಡಿ. ಅತ್ತಿಗೆ ಓದಲಾರರು, ಆದರೆ ಮೊಹರನ್ನು ನಂಬುತ್ತಾರೆ.

ಇಂತಿ,
ಕೋಪದಿಂದ ಬರೆಯಲು ಕೂತು ಅದೂ ಕೈಲಾಗದ ತಮ್ಮ ಪೌರ,
ಮರಿಸಿದ್ದಯ್ಯ
ಗುತ್ತಲು, ೧೯೪೪