ಬೆಂಜ್ ಸರ್ಕಲ್‌ನಲ್ಲಿ ಆರಡಿ ಒಂದಿಂಚು

ವಿಜಯವಾಡ, ಮಂಗಳವಾರ

ದೊಡ್ಡಮ್ಮನಿಗೆ ನಮಸ್ಕಾರ.

ಫೋನಿನಲ್ಲಿ ನೀವು ನನಗೆ ಮಾತಾಡಲು ಬಿಡುವುದಿಲ್ಲ, ಅದಕ್ಕೇ ಈ ಕಾರ್ಡು. ಕಾಲೇಜು ಮುಗಿದ ಮೇಲೆ ಚೆಂಡು ಮುಟ್ಟಬಾರದು ಎಂದಿದ್ದಿರಿ. ವಿಶಾಖಪಟ್ಟಣದ ಬ್ಯಾಸ್ಕೆಟ್‌ಬಾಲ್ ತಂಡ ನನ್ನನ್ನು ತಿಂಗಳ ಸಂಬಳಕ್ಕೆ ತೆಗೆದುಕೊಂಡಿದೆ. ಆಯ್ಕೆಯ ದಿನ ಎತ್ತರ ಅಳೆಯುವಾಗ ಅಭ್ಯಾಸಬಲದಿಂದ ಭುಜ ಕುಗ್ಗಿಸಿ ನಿಂತೆ. ಕೋಚ್ ಮೇಡಂ ಬೆನ್ನಿಗೊಂದು ಗುದ್ದಿ, "ನಿಟಾರುಗಾ ನಿಲಬಡಮ್ಮಾ!" ಎಂದು ಗದರಿದರು, ನೆಟ್ಟಗೆ ನಿಲ್ಲು ಅಂತ. ಹುಡುಗನ ಕಡೆಯವರು ಬಂದಾಗಲೆಲ್ಲ ನೀವು ಹೇಳುತ್ತಿದ್ದುದು ಒಂದೇ: "ಕೂತೇ ಇರೇ, ಏಳ್ಬೇಡ."

ನಾಳೆ ಇಲ್ಲಿ ನನ್ನ ಮೊದಲ ಪಂದ್ಯ. ಇವತ್ತು ಬೆಂಜ್ ಸರ್ಕಲ್‌ನಲ್ಲಿ ನಮ್ಮ ಬಸ್ಸು ನಿಂತಾಗ ನೋಡುತ್ತೇನೆ, ಒಡವೆ ಅಂಗಡಿಯ ಮದುಮಗಳ ಬೋರ್ಡಿನ ಪಕ್ಕದಲ್ಲೇ ನಾಳಿನ ಪಂದ್ಯಕ್ಕೆ ಹಾಕಿದ ನನ್ನ ಫೋಟೋದ ಬೋರ್ಡು! ಹೆಸರಿನ ಕೆಳಗೆ ದಪ್ಪ ತೆಲುಗು ಅಕ್ಷರದಲ್ಲಿ ಆರಡಿ ಒಂದಿಂಚು ಎಂದು ಬರೆದಿದ್ದಾರೆ. ಬಸ್ಸಿಳಿದು ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡೆ.

ಎಡ ಮಂಡಿ ಸ್ವಲ್ಪ ಊದಿದೆ, ಐಸ್ ಇಡುತ್ತಿದ್ದೇನೆ, ಗಾಬರಿ ಬೇಡ. ಅನಕಾಪಲ್ಲಿಯ ಬೆಲ್ಲ ಪಾರ್ಸೆಲ್ ಕಳಿಸಿದ್ದೇನೆ.

ಹಾಸನದ ಹುಡುಗನ ಮನೆಯವರಿಗೆ ನನ್ನ ಎತ್ತರ ಐದಡಿ ಎಂಟಿಂಚು ಎಂದಿದ್ದೀರಂತೆ. ಮಿಕ್ಕ ಐದಿಂಚನ್ನು ನೀವೇ ಹೇಳುತ್ತೀರೋ, ಅವರೇ ಬಂದು ಬೋರ್ಡು ನೋಡಬೇಕೋ?

ಇಂಪನಾ