ಅಕ್ಷರ ಹಾಕದ ತ್ರಿಕೋನ

ಬಳ್ಳಾರಿ,
ಜುಲೈ ೧೨, ೧೮೯೩

ಪ್ರೀತಿಯ ತಮ್ಮ ಪಾಲಯ್ಯನಿಗೆ,

ಮದರಾಸಿನ ಸೆಕೆಗೆ ಎದ್ದ ಗುಳ್ಳೆಗಳು ವಾಸಿಯಾದವೇ? ಸಿರುಗುಪ್ಪದಲ್ಲಿ ಅವ್ವ ಆರಾಮಾಗಿದ್ದಾಳೆ. ನಿನ್ನ ಕಾಗದ ಓದಿ ಹೇಳಿದರೆ, ‘ನಮ್ಮ ಮಾಸ್ತರಗ ಮೊದಲು ಹೊತ್ತಿಗೆ ಉಣ್ಣಾಕ ಹೇಳು, ಸಿಟ್ಟು ಆಮ್ಯಾಲ ಮಾಡಲಿ’ ಎಂದಳು.

ಕಾಲೇಜಿನ ಕೆಲಸ ಬಿಡುತ್ತೇನೆಂದು ಬರೆದಿದ್ದೀಯ. ನಿನ್ನ ಎಫ್.ಎ. ತರಗತಿಯ ಹುಡುಗರು ರೇಖಾಗಣಿತವನ್ನು ಗಡಗಡ ಒಪ್ಪಿಸುತ್ತಾರೆ. ತ್ರಿಕೋನದ ಮೂಲೆಗಳಿಗೆ ಎ, ಬಿ, ಸಿ ಬದಲು ಪಿ, ಕ್ಯೂ, ಆರ್ ಎಂದು ಹಾಕಿದರೆ ಬಾಯಿ ಕಟ್ಟಿ ನಿಲ್ಲುತ್ತಾರೆ. ಅವರದು ಕಲ್ಲಿನ ತಲೆ ಎನ್ನುತ್ತೀಯ.

ಕಳೆದ ವಾರ ಕುರುಗೋಡಿನ ಹೆಣ್ಣುಮಕ್ಕಳ ಶಾಲೆಗೆ ಹೋಗಿದ್ದೆ. ಮಕ್ಕಳ ಬುದ್ಧಿ ಹೇಗೆ ಬೆಳೆಯುತ್ತದೆಂಬ ಇಂಗ್ಲಿಷ್ ಪುಸ್ತಕವೊಂದನ್ನು ಓದುತ್ತಿದ್ದೇನಲ್ಲ, ಮಕ್ಕಳು ಹೇಳಿಕೊಟ್ಟದ್ದನ್ನಲ್ಲ, ಮಾಡಿ ನೋಡಿದ್ದನ್ನೇ ಕಲಿಯುತ್ತಾರೆಂಬ ಅದರ ಮಾತು ನಿಜವೋ ನೋಡೋಣವೆಂದು ಆರು ವರ್ಷದ ಉಚ್ಚೆಂಗೆಮ್ಮನ ಎದುರು ಬೋಗುಣಿಯ ನವಣೆಯನ್ನು ಉದ್ದನೆಯ ಬಿದಿರಿನ ಕೊಳವೆಗೆ ಸುರಿದೆ. ‘ಈಗ ಜಾಸ್ತಿ ಆತ್ರಿ’ ಎಂದಳು. ಅಷ್ಟೇ ಇದೆ ಎಂದು ಮೂರು ಸಲ ಹೇಳಿಕೊಟ್ಟೆ. ಮೂರು ಸಲವೂ ಚೆಂದವಾಗಿ ಒಪ್ಪಿಸಿದಳು. ಯಾವುದು ಹೆಚ್ಚೆಂದು ಕೇಳಿದರೆ ಮತ್ತೆ ಕೊಳವೆಯನ್ನೇ ತೋರಿಸಿದಳು. ಕೊನೆಗೆ ಅವಳ ಕೈಗೇ ಕೊಟ್ಟೆ. ಅತ್ತ ಸುರಿದಳು, ಇತ್ತ ಸುರಿದಳು, ಎಷ್ಟು ಸಲವೋ. ಆಮೇಲೆ ನನ್ನನ್ನೇ ಗದರಿಸಿದಳು: ‘ಅಯ್ಯ, ಅಷ್ಟ ಐತಲ್ರಿ! ನಿಮಗ ಯಾರೂ ಹೇಳಿಲ್ಲೇನ್ರಿ?’

ಮೀಸೆ ಬಂದವರನ್ನು ಇವಳಿಗೆ ಹೋಲಿಸುವುದು ಸರಿಯೇ ಎಂದು ನಾಲ್ಕು ದಿನ ಯೋಚಿಸಿದೆ. ನಿನ್ನ ಹುಡುಗರು ಮಕ್ಕಳಲ್ಲ, ಒಪ್ಪುತ್ತೇನೆ. ಆದರೆ ರೇಖಾಗಣಿತದಲ್ಲಿ ಅವರ ವಯಸ್ಸೆಷ್ಟು? ಅವರ ಕೈಗೆ ಯಾರಾದರೂ ಏನಾದರೂ ಕೊಟ್ಟಿದ್ದಾರೆಯೇ? ಕಾಗದ ಕತ್ತರಿಸಲಿ, ಒಂದರ ಮೇಲೊಂದು ಇಟ್ಟು ನೋಡಲಿ, ತಪ್ಪಲಿ. ಬಾಯಿಪಾಠ ಆಮೇಲೆ. ಪ್ರಿನ್ಸಿಪಾಲರು ನಕ್ಕರೆ ನಗಲಿ.

ಇನ್ನೊಂದು ಮಾತು ಬರೆಯುವುದು ಕಷ್ಟ. ನಿನಗೆ ಮೊದಲು ಪಾಠ ಹೇಳಿದವಳು ನಾನು. ಒಂದಕ್ಷರ ತಪ್ಪಿದರೂ ಕಿವಿ ಹಿಂಡುತ್ತಿದ್ದೆ. ತಿಳಿಯಿತೇ ಎಂದು ಒಮ್ಮೆಯೂ ಕೇಳಲಿಲ್ಲ. ನೀನು ಇಂದು ಕಲಿಸುವ ರೀತಿ ನನ್ನದೇ. ನನ್ನ ತಪ್ಪಿಗೆ ನೀನು ಕೆಲಸ ಬಿಡುವುದನ್ನು ನಾನು ಒಪ್ಪುವುದಿಲ್ಲ.

ಅವ್ವ ಹೇಳಿದಂತೆ ಹೊತ್ತಿಗೆ ಉಣ್ಣು. ನಿನಗೆ ಒಳ್ಳೆಯದೇ ಆಗಲಿ.

ನಿನ್ನ ಅಕ್ಕ,
ದಾಕ್ಷಾಯಣಮ್ಮ

ತಾ.ಕ.: ಇಂಗ್ಲಿಷ್ ತಿದ್ದಿಕೊಡೆಂದು ನೀನು ಕಳಿಸಿದ್ದ ರಾಜೀನಾಮೆ ಪತ್ರ ಈ ಲಕೋಟೆಯಲ್ಲೇ ಇದೆ. ಎರಡು ತಪ್ಪು ತಿದ್ದಿದ್ದೇನೆ. ಅದರ ಹಿಂಬದಿಯಲ್ಲಿ ಹಾಳೆ ತುಂಬ ಒಂದು ತ್ರಿಕೋನ ಬರೆದಿದ್ದೇನೆ. ಮೂಲೆಗಳಿಗೆ ಅಕ್ಷರ ಹಾಕಿಲ್ಲ. ಇದು ಕೈಸೇರಿದ ದಿನವೇ ಕತ್ತರಿ ಸಮೇತ ತರಗತಿಗೆ ಒಯ್ಯು. ಹುಡುಗರು ಮೊದಲು ಇದನ್ನೇ ಕತ್ತರಿಸಲಿ.