ವೀರಪತ್ನೀನ ವೇದಿಕೆಯಿಂದ ಇಳಿಸಿದವರಿಗೆ

ನನ್ನ ಅತ್ತಿಗೇನ ಮೈಕಲ್ಲಿ ‘ವೀರಪತ್ನಿ’ ಅಂತ ಕರೆದು, ಅದೇ ವೇದಿಕೆಯಿಂದ ಕೆಳಗಿಳಿಸಿದ ಸನ್ಮಾನ ಸಮಿತಿ ಅಧ್ಯಕ್ಷರೇ,

ಮೇಲೆ ‘ಮಾನ್ಯರೇ’ ಅಂತ ಬರೀಬೇಕಂತೆ. ಕೈ ಬರ್ತಿಲ್ಲ. ಇದೆ ಅಂದ್ಕೊಂಡು ಓದಿ.

ಈ ಆಗಸ್ಟ್ ಹದಿನೈದಕ್ಕೆ ಯೋಧರ ಮನೆತನಗಳಿಗೆ ಸನ್ಮಾನ ಅಂತ ನಮ್ಮನ್ನ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಕರೆಸಿದ್ರಿ. ತಾತ ಮಹಾರಾಜರ ಕುದುರೆ ಪಡೇಲಿದ್ದ. ಅಪ್ಪ ಬೀರಪ್ಪ ಬರ್ಮಾದಲ್ಲಿ ಎರಡು ಬೆರಳು ಬಿಟ್ಟು ಬಂದ. ಅಣ್ಣ ಜಯಪ್ಪ ಹೋದ ವರ್ಷ ಚೀನಾ ಯುದ್ಧಕ್ಕೆ ಹೋದವನು ವಾಪಸ್ ಬರ್ಲಿಲ್ಲ. ಹೆಣವೂ ಬರ್ಲಿಲ್ಲ, ತಂತಿ ಬಂತು. ಇದನ್ನೆಲ್ಲ ನೀವೇ ಎಷ್ಟು ಚೆಂದ ಹೇಳಿದ್ರಿ! ನನ್ನ ಬೆನ್ನು ತಟ್ಟಿ, ‘ಈ ಮನೆಯ ಸೇವಾ ಪರಂಪರೆ ಇನ್ನು ನಿನ್ನ ಕೈಲಿದೆ’ ಅಂದ್ರಿ. ಜನ ಚಪ್ಪಾಳೆ ಹೊಡೆದ್ರು. ನಾನೂ ಎದೆ ಉಬ್ಬಿಸಿ ನಿಂತೆ, ಬೆಪ್ಪನ ಹಂಗೆ.

ಆಮೇಲೆ ಯೋಧರ ಮನೆ ಹೆಂಗಸರಿಗೆ ಅರಿಶಿನ ಕುಂಕುಮ, ಹೂವು, ರವಿಕೆ ಕಣ. ಅಣ್ಣನ ಹೆಂಡತಿ ಹೂವಮ್ಮನೂ ಸಾಲಲ್ಲಿ ನಿಂತ್ಲು. ಕರೆದವರು ನೀವೇ ಅಲ್ವಾ? ತಟ್ಟೆ ಅವಳ ಹತ್ರ ಬಂತು. ಬರೀ ಹಣೆ ಕಂಡು ಹಿಂದೆ ಸರೀತು. ನೀವು ಓಡಿ ಬಂದ್ರಿ.

‘ತಾಯಿ, ನೀವು ಸ್ವಲ್ಪ ಕೆಳಗೆ ನಿಂತ್ಕೊಳ್ಳಿ. ಶುಭಕಾರ್ಯ ಇದು.’

‘ಯಾಕ್ರೀ ಇಳೀಬೇಕು?’ ಅಂದೆ ನಾನು.

‘ಸುಮ್ನಿರಯ್ಯ, ಪದ್ಧತಿ ಗೊತ್ತಿಲ್ವಾ? ಎಷ್ಟನೇ ಕ್ಲಾಸು ನೀನು?’

‘ಆರಕ್ಕೇ ಬಿಟ್ಟೆ ಸಾರ್. ಪಾಸಾದವರು ಏನು ಕಲಿತ್ರಿ ಅಂತ ನೋಡ್ತಿದೀನಿ.’

ಅತ್ತಿಗೆ ನನ್ನ ಕೈ ಹಿಡಿದು ಇಳಿದ್ಲು. ಅವಳ ಕಣ ಕೊಟ್ರಿ, ಇಲ್ಲ ಅನ್ನಲ್ಲ. ವೇದಿಕೆ ಹಿಂದೆ, ಪೇಪರಲ್ಲಿ ಸುತ್ತಿ, ಕದ್ದ ಮಾಲು ಕೊಟ್ಟಂಗೆ. ಅಪ್ಪ ಪದಕ ಬಿಚ್ಚಿ ಜೇಬಿಗೆ ಹಾಕ್ಕೊಂಡ. ಮನೆಗೆ ಬಂದ ಮೇಲೆ ನಾನು ಕೂಗಾಡ್ತಿದ್ರೆ ಅತ್ತಿಗೆ, ‘ಬಿಡು ಮಾರಾಯ, ಬಿಸಿ ಪಾತ್ರೆ ಇಳಿಸೋಕೆ ಬಟ್ಟೆ ಬೇಕಿತ್ತು, ಸಿಕ್ತು’ ಅಂತ ನಕ್ಕಳು. ಆ ನಗು ನೋಡೋಕಾಗ್ಲಿಲ್ಲ.

ಒಂದು ಕೇಳ್ತೀನಿ ಸಾಹೇಬ್ರೇ. ಅಣ್ಣ ಹೊರಟಾಗ ಕೇರಿ ಮುತ್ತೈದೆಯರೆಲ್ಲ ಸೇರಿ ಆರತಿ ಎತ್ತಿದ್ರು. ಅದಕ್ಕೆ ಶತ್ರು ಗುಂಡು ನಿಂತ್ಕೊಂಡು ಯೋಚನೆ ಮಾಡ್ತಾ? ಅವಳ ಹಣೆ ಬರಿದಾಗಿದ್ದು ನಿಮ್ಮ ದೇಶಕ್ಕೆ, ನಮ್ಮ ದೇಶಕ್ಕೆ. ಅವಳ ಗಂಡನ ಸಾವು ವೇದಿಕೆ ಮೇಲೆ ಶುಭ, ಅವಳ ಮುಖ ಮಾತ್ರ ಅಶುಭವಾ? ನಾಳೆ ನಾನೂ ಸತ್ತರೆ, ನನ್ನ ಹೆಸರು ಮೈಕಲ್ಲಿ ಕೂಗಿ, ನನ್ನವರನ್ನ ಯಾವ ಮೂಲೇಲಿ ನಿಲ್ಲಿಸ್ತೀರಾ?

ಹೌದು, ನಾನೂ ಸೈನ್ಯಕ್ಕೆ ಸೇರ್ತಿದೀನಿ, ಆಯ್ಕೆ ಆಗಿದೀನಿ. ನಿಮ್ಮ ಭಾಷಣ ಕೇಳಿ ಅಲ್ಲ, ಅಣ್ಣ ಬಿಟ್ಟ ಜಾಗ ಖಾಲಿ ಇದೆ ಅಂತ. ಬರೋ ಸೋಮವಾರ ಭದ್ರಾವತಿ ರೈಲ್ವೆ ಸ್ಟೇಷನ್ನಲ್ಲಿ ನಮ್ಮನ್ನ ಬೀಳ್ಕೊಡೋಕೆ ತಟ್ಟೆ ಹಿಡ್ಕೊಂಡು ಬರ್ತೀರಂತೆ. ಬನ್ನಿ. ಆದ್ರೆ ಆ ತಟ್ಟೇನ ಹೂವಮ್ಮನ ಕೈಗೆ ಕೊಡಿ. ಎಲ್ಲರೆದುರಿಗೆ. ಹೊರಟ ಹುಡುಗರಿಗೆಲ್ಲ ಅವಳೇ ತಿಲಕ ಇಡ್ಲಿ.

ಕೊಡಲ್ವಾ? ಬೇಡ. ಅವಳ ಕೈಲಿ ಮನೇಲೇ ಇಡಿಸ್ಕೊಂಡು ಬರ್ತೀನಿ. ಅಶುಭ ಅನ್ನೋದಾದ್ರೆ, ರೈಲು ಹೊರಡೋ ಮುಂಚೆ ನನ್ನ ಹಣೆ ಒರೆಸಿ ನೋಡಿ.

ಇಂತಿ,
ನೀವು ಬೆನ್ನು ತಟ್ಟಿದ ಪರಂಪರೆ,
ಬೀರಪ್ಪನ ಕಿರೀಮಗ ಲಿಂಗಪ್ಪ, ಆರನೇ ಕ್ಲಾಸು
ಭದ್ರಾವತಿ, ೧೯೬೩